ಫಾಲ್ಸ್ ನೋಡಲು ಯಾವಾಗ ಹೋಗಬೇಕು? ಮೊದಲು ನೀರು ಯಾರ ಕೈಲಿದೆ ಕೇಳಿ

ಪ್ರಶ್ನೆ: ನಾವು ದಾವಣಗೆರೆಯವರು. ಹುಟ್ಟಿ ಬೆಳೆದಿದ್ದೆಲ್ಲ ಕರ್ನಾಟಕದಲ್ಲೇ, ಆದರೂ ನಮ್ಮ ಜಲಪಾತಗಳನ್ನು ಸರಿಯಾಗಿ ನೋಡಿಲ್ಲ. ಎರಡು ವರ್ಷದ ಹಿಂದೆ ಜನವರಿಯಲ್ಲಿ ಜೋಗಕ್ಕೆ ಹೋದಾಗ ಬಂಡೆ ಮೇಲೆ ನಾಲ್ಕು ಬಿಳಿ ದಾರ ಬಿಟ್ಟ ಹಾಗಿತ್ತು. ಹೋದ ವರ್ಷ ಜುಲೈನಲ್ಲಿ ಹೋದರೆ ಬರೀ ಮಂಜು. ಅರ್ಧ ಗಂಟೆ ಕಾದು ವಾಪಸ್ ಬಂದೆವು. ಅಮ್ಮನಿಗೆ 66 ವರ್ಷ, ಮಂಡಿ ನೋವಿದೆ. ಮಕ್ಕಳಿಗೆ 9 ಮತ್ತು 13. ಈ ವರ್ಷ ಎರಡು ಮೂರು ಟ್ರಿಪ್ ಮಾಡೋಣ ಅಂತಿದ್ದೇವೆ. ಯಾವುದಕ್ಕೆ ಯಾವಾಗ ಹೋಗಬೇಕು? ಮಕ್ಕಳು ನೀರಿಗೆ ಇಳಿಯಬಹುದಾ?

ಉತ್ತರ: ನಿಮ್ಮ ಎರಡು ಟ್ರಿಪ್ಪೂ ಕೆಟ್ಟಿದ್ದರಲ್ಲಿ ನಿಮ್ಮ ತಪ್ಪೇನಿಲ್ಲ. "ಫಾಲ್ಸ್ ನೋಡೋಕೆ ಮಳೆಗಾಲದಲ್ಲಿ ಹೋಗಿ" ಅಂತ ಎಲ್ಲರೂ ಹೇಳುತ್ತಾರೆ, ಅಲ್ಲಿಗೇ ನಿಲ್ಲಿಸುತ್ತಾರೆ. ನಾನಾದರೆ ಬೇರೆ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಈ ನೀರು ಯಾರ ಕೈಲಿದೆ? ಮಳೆಯ ಕೈಲಾ, ಅಣೆಕಟ್ಟಿನ ಕೈಲಾ? ಇದೊಂದು ಗೊತ್ತಾದರೆ ಯಾವ ತಿಂಗಳು ಹೋಗಬೇಕು, ಎಷ್ಟು ಹುಷಾರಾಗಿರಬೇಕು ಅನ್ನುವುದು ಮುಕ್ಕಾಲು ಪಾಲು ತಾನಾಗೇ ತಿಳಿಯುತ್ತದೆ.

ಜೋಗವನ್ನೇ ತೆಗೆದುಕೊಳ್ಳಿ. ಶರಾವತಿ ಇಲ್ಲಿ 253 ಮೀಟರ್ ಕೆಳಗೆ ಬೀಳುತ್ತಾಳೆ. ಆದರೆ ಜೋಗಕ್ಕಿಂತ ಕೆಲವೇ ಕಿಲೋಮೀಟರ್ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ. ಅದು 1964ರಲ್ಲಿ ಮುಗಿಯಿತು. ನದಿಯ ನೀರು ಅಲ್ಲಿ ನಿಲ್ಲುತ್ತದೆ, ತಳಕಳಲೆಗೆ ಹೋಗುತ್ತದೆ, ಅಲ್ಲಿಂದ ಪೈಪಿನಲ್ಲಿ ಇಳಿದು 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ. ಜನವರಿಯಲ್ಲಿ ನಿಮಗೆ ಕಾಣದ ಆ ನೀರು ಎಲ್ಲೂ ಕಳೆದುಹೋಗಿರಲಿಲ್ಲ. ಯಾರದೋ ಮನೆಯ ಮಿಕ್ಸಿ ತಿರುಗಿಸುತ್ತಿತ್ತು, ಅಷ್ಟೇ.

ಹಾಗಾದರೆ ಜುಲೈನಲ್ಲಿ ಬೀಳುವುದು ಯಾವ ನೀರು? ಅಣೆಕಟ್ಟಿಗೂ ಜಲಪಾತಕ್ಕೂ ನಡುವೆ ಇರುವ ಚಿಕ್ಕ ಜಾಗದಲ್ಲಿ ಸುರಿದ ಮಳೆಯ ನೀರು. ನಾಲ್ಕು ದಿನ ಜಡಿಮಳೆ ಹಿಡಿದರೆ ಅದೂ ಚೆನ್ನಾಗೇ ತುಂಬುತ್ತದೆ. ಆದರೆ ಟಿವಿಯಲ್ಲಿ ತೋರಿಸುವ ಆ ಭೋರ್ಗರೆತ ಇದಲ್ಲ. ಅದು ಬರುವುದು ಗೇಟು ತೆಗೆದಾಗ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ನೀರು ಅದರ ಹತ್ತಿರ ಬಂದರೆ ಮಾತ್ರ ಗೇಟು ತೆಗೆಯುತ್ತಾರೆ, ಸಾಮಾನ್ಯವಾಗಿ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ. ಮಳೆ ಕೈಕೊಟ್ಟ ವರ್ಷ ಗೇಟು ತೆಗೆಯುವುದೇ ಇಲ್ಲ. ಮಳೆಗಾಲದಲ್ಲಿ ಅಣೆಕಟ್ಟಿನ ಮಟ್ಟ ಪೇಪರಿನಲ್ಲಿ ದಿನಾ ಬರುತ್ತದೆ. ಜೋಗಕ್ಕೆ ಹೋಗುವವರಿಗೆ ಹವಾಮಾನ ಮುನ್ಸೂಚನೆಗಿಂತ ಆ ಒಂದು ಸಾಲು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಒಂದು ಮಾತು ಹೇಳುತ್ತೇನೆ, ಎಲ್ಲರೂ ಒಪ್ಪಲಿಕ್ಕಿಲ್ಲ. ಗೇಟು ಪೂರ್ತಿ ತೆಗೆದ ದಿನ ನೋಡಿದ ಜೋಗ ನನಗೆ ಅಷ್ಟು ಇಷ್ಟವಾಗಲಿಲ್ಲ. ನಾಲ್ಕೂ ಕವಲು ಒಂದಾಗಿ ಕೆಂಪು ಗೋಡೆಯ ಹಾಗೆ ಇಳಿಯುತ್ತಿತ್ತು. ಸದ್ದು ಎದೆ ನಡುಗಿಸಿತು, ನಿಜ. ಆದರೆ ರಾಜ ಯಾವುದು, ರಾಣಿ ಯಾವುದು ಗೊತ್ತಾಗಲಿಲ್ಲ. ಜೋಗದ ಚೆಂದ ಇರುವುದು ಆ ನಾಲ್ಕರ ಬೇರೆ ಬೇರೆ ನಡಿಗೆಯಲ್ಲಿ. ಎಡಗಡೆ ರಾಜ, ಬಂಡೆಗೆ ತಾಗದೆ ನೇರ ಬೀಳುತ್ತಾನೆ. ಪಕ್ಕದ ರೋರರ್ ಕೊರಕಲಿನಲ್ಲಿ ಗರ್ಜಿಸುತ್ತಾ ಬಂದು ಅರ್ಧ ದಾರಿಯಲ್ಲಿ ರಾಜನನ್ನು ಸೇರುತ್ತದೆ. ರಾಕೆಟ್ ಚಿಮ್ಮಿ ಚಿಮ್ಮಿ ಇಳಿಯುತ್ತದೆ. ಬಲಗಡೆ ರಾಣಿ ಬಂಡೆಗೆ ಅಂಟಿಕೊಂಡೇ ಬಳುಕಿ ಜಾರುತ್ತಾಳೆ. ಇದೆಲ್ಲ ಕಾಣಬೇಕಾದರೆ ನೀರು ಹದವಾಗಿರಬೇಕು. ಆಶ್ಲೇಷ ಮಳೆಯ ಅಬ್ಬರ ಕಳೆದು, ಹುಬ್ಬೆ ಉತ್ತರೆ ಮಳೆ ಬಿಟ್ಟು ಬಿಟ್ಟು ಬರುವ ಹೊತ್ತು, ಅಂದರೆ ಸೆಪ್ಟೆಂಬರ್ ತಿಂಗಳು ನನ್ನ ಆಯ್ಕೆ.

ಇನ್ನು ಮಂಜು. ಅರ್ಧ ಗಂಟೆಗೆ ಎದ್ದು ಬಂದಿರಲ್ಲ, ಅದೊಂದೇ ನನಗೆ ಬೇಜಾರು. ಜೋಗದ ಮಂಜು ಒಂದೇ ಸಮ ನಿಲ್ಲುವಂಥದ್ದಲ್ಲ. ಗುಂಡಿಯಿಂದ ಏಳುತ್ತದೆ, ಗಾಳಿ ಬಂದರೆ ಹರಿಯುತ್ತದೆ, ಮತ್ತೆ ಮುಚ್ಚುತ್ತದೆ. ಒಮ್ಮೆ ಆಗಸ್ಟಿನಲ್ಲಿ ಕಟಕಟೆ ಹಿಡಿದು ಬೆಳಗಿನಿಂದ ನಿಂತಿದ್ದೆ. ಎದುರಿಗೆ ಹಾಲಿನಂಥ ಬಿಳುಪು. ಸದ್ದು ಮಾತ್ರ ಕೇಳುತ್ತಿತ್ತು. ಪಕ್ಕದಲ್ಲಿ ಜೋಳ ಸುಡುತ್ತಿದ್ದವರು ತಲೆ ಎತ್ತದೆಯೇ "ಇರಿ ಸಾರ್, ಬಿಡ್ತದೆ" ಅಂದರು. ಜೋಳ ಅರ್ಧ ತಿಂದಿರಲಿಲ್ಲ, ಎಡಗಡೆ ಮೇಲಿನ ಅಂಚು ಕಂಡಿತು. ಆಮೇಲೆ ರಾಜನ ತಲೆ, ಎದೆ, ಕೊನೆಗೆ ಬುಡದವರೆಗೂ. ಅಲ್ಲಿದ್ದ ಜನರೆಲ್ಲ ಒಟ್ಟಿಗೆ "ಹೋ" ಅಂದರು. ನಾಲ್ಕೈದು ನಿಮಿಷ, ಮತ್ತೆ ಪರದೆ. ಮಳೆಗಾಲದಲ್ಲಿ ಹೋದರೆ ಜೋಗಕ್ಕೆ ಮೂರು ಗಂಟೆಯಾದರೂ ಇಡಿ. ದಾರಿ ಮೇಲೆ ಸಿಕ್ಕಿತು ಅಂತ ಇಣುಕಿ ಹೋಗುವ ಜಾಗವಲ್ಲ ಅದು.

ಅಮ್ಮನ ಮಂಡಿ ಬಗ್ಗೆ ಚಿಂತೆ ಬೇಡ. ಸಾಗರದ ಕಡೆಯ ವೀಕ್ಷಣಾ ಕಟ್ಟೆಯಿಂದ ನಾಲ್ಕೂ ಕವಲು ಎದುರಿಗೇ ಕಾಣುತ್ತವೆ. ಗುಂಡಿಗೆ ಇಳಿಯುವ ಸುಮಾರು 1,400 ಮೆಟ್ಟಿಲು ಮಳೆಗಾಲದಲ್ಲಿ ಹೇಗೂ ಬೇಡ. ಇಳಿಯುವುದು ಸುಲಭ, ಹತ್ತಿ ಬರುವಾಗ ನಿಮ್ಮ ಮಂಡಿಯೂ ಮಾತಾಡುತ್ತದೆ. ಟೈಮ್ ಇದ್ದರೆ ಆಚೆ ದಡಕ್ಕೂ ಹೋಗಿ. 1956ರವರೆಗೆ ಈ ದಡ ಮೈಸೂರಿನದು, ಆ ದಡ ಮುಂಬೈ ಪ್ರಾಂತ್ಯದ್ದು. ಆ ಕಡೆಯ ಬಂಗಲೆಗೆ ಈಗಲೂ ಬಾಂಬೆ ಬಂಗಲೆ ಅಂತಲೇ ಹೆಸರು. ಅಲ್ಲಿಂದ ರಾಜ ಧುಮುಕುವ ಅಂಚು ಹತ್ತಿರದಲ್ಲಿ ಕಾಣುತ್ತದೆ. ಜೋಗದಲ್ಲಿ ಆಗಾಗ ಕಾಮಗಾರಿ ನಡೆದು ಪ್ರವೇಶ ನಿಲ್ಲಿಸುತ್ತಾರೆ. ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಈಗ ಜೋಗದಿಂದ ಸಿದ್ದಾಪುರ ದಾಟಿ ಹೆಗ್ಗರಣೆ ಕಡೆ ಬನ್ನಿ. ಅಲ್ಲಿ ಅಘನಾಶಿನಿ 116 ಮೀಟರ್ ಕೆಳಗೆ ಧುಮುಕುತ್ತದೆ. ಅದೇ ಉಂಚಳ್ಳಿ. 1845ರಲ್ಲಿ ಇದನ್ನು ನೋಡಿದ ಬ್ರಿಟಿಷ್ ಕಲೆಕ್ಟರ್ ಒಬ್ಬನ ಹೆಸರಿನಲ್ಲಿ ಲುಷಿಂಗ್ಟನ್ ಫಾಲ್ಸ್ ಅಂತಲೂ ಕರೆದರು. ಊರವರು ಇಟ್ಟ ಹೆಸರು ಕೆಪ್ಪ ಜೋಗ. ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ. ನನಗೆ ಈ ಹೆಸರೇ ಇಷ್ಟ.

ಉಂಚಳ್ಳಿಗೂ ಜೋಗಕ್ಕೂ ಇರುವ ವ್ಯತ್ಯಾಸ ಎತ್ತರದ್ದಲ್ಲ. ಅಘನಾಶಿನಿಗೆ ದೊಡ್ಡ ಅಣೆಕಟ್ಟೇ ಇಲ್ಲ. ಘಟ್ಟದಿಂದ ಸಮುದ್ರದವರೆಗೆ ತನ್ನ ಪಾಡಿಗೆ ಹರಿಯುವ ಕೆಲವೇ ನದಿಗಳಲ್ಲಿ ಅದೂ ಒಂದು. ಕಾಡು ಹೀರಿಟ್ಟುಕೊಂಡ ಮಳೆ ನೀರು ನಿಧಾನಕ್ಕೆ ಹಳ್ಳಗಳಿಗೆ ಇಳಿಯುತ್ತಾ ಇರುತ್ತದೆ. ಅದಕ್ಕೇ ಗೇಟು ಮುಚ್ಚಿದ ಜೋಗ ನವೆಂಬರ್‌ನಲ್ಲಿ ಸೊರಗಿದರೂ ಉಂಚಳ್ಳಿ ಡಿಸೆಂಬರ್‌ನಲ್ಲೂ ಮೈತುಂಬಿಕೊಂಡಿರುತ್ತದೆ. ಆಗ ಮಂಜಿಲ್ಲ, ಆಕಾಶ ತಿಳಿ, ದಾರಿ ಒಣ. ಹಾಗಂತ ಅಮ್ಮನನ್ನು ಕೆಳಗಿನ ಕಟ್ಟೆಯವರೆಗೆ ಎಳೆದುಕೊಂಡು ಹೋಗಬೇಡಿ. ಕಾಡಿನ ದಾರಿ, ಆಮೇಲೆ ಮೆಟ್ಟಿಲು. ಅವರಿಗೆ ಎಲ್ಲಿ ಸಾಕು ಅನ್ನಿಸುತ್ತದೋ ಅಲ್ಲೇ ಕೂತುಕೊಳ್ಳಲಿ.

ಯಲ್ಲಾಪುರದ ಮಾಗೋಡೂ ಇದೇ ಜಾತಿಯದು. ಬೇಡ್ತಿ ನದಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಇಳಿಯುತ್ತದೆ. ವಾಹನ ನಿಲ್ಲಿಸುವ ಜಾಗದಿಂದ ನೋಡುವ ಕಟ್ಟೆಗೆ ದೂರವಿಲ್ಲ, ಅಮ್ಮನಿಗೆ ಹೇಳಿ ಮಾಡಿಸಿದ ಹಾಗಿದೆ. ಬೇಡ್ತಿಗೂ ಒಂದು ವಿದ್ಯುತ್ ಯೋಜನೆ ಬರುವುದರಲ್ಲಿತ್ತು. ಸುಮಾರು 40 ವರ್ಷದ ಹಿಂದೆ ಅಲ್ಲಿನ ಅಡಿಕೆ ತೋಟದವರು, ಊರವರು ಸೇರಿ ಬೇಡ ಅಂತ ಹಟ ಹಿಡಿದರು, ಯೋಜನೆ ನಿಂತಿತು. ಮಾಗೋಡಿನಲ್ಲಿ ಈಗ ನಿಮಗೆ ಕಾಣುವ ನೀರು ಅವರು ಉಳಿಸಿದ್ದು. ಅಲ್ಲೇ ಹತ್ತಿರ ಜೇನುಕಲ್ಲು ಗುಡ್ಡವಿದೆ, ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಹೋಗಿ.

ಕಾವೇರಿ ಕಡೆ ಲೆಕ್ಕ ಬೇರೆ. ಶಿವನಸಮುದ್ರದಲ್ಲಿ ನದಿ ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿ ಆಗುತ್ತದೆ. ಕೆಆರ್‌ಎಸ್ ತುಂಬಿದರೆ, ಅಂದರೆ 124.80 ಅಡಿ ಮುಟ್ಟಿದರೆ ಇಲ್ಲಿ ಜಾತ್ರೆ ಅಂತ ಎಲ್ಲರಿಗೂ ಗೊತ್ತು. ಆದರೆ ಜಾಸ್ತಿ ಜನ ಗಮನಿಸದ ವಿಷಯ ಕಬಿನಿ. ವಯನಾಡಿನಲ್ಲಿ ಜೋರು ಮಳೆಯಾದರೆ ಕಬಿನಿ ಬೇಗ ತುಂಬುತ್ತದೆ. ಬಿಟ್ಟ ನೀರು ತಿ. ನರಸೀಪುರದಲ್ಲಿ ಕಾವೇರಿ ಸೇರಿ ಸೀದಾ ಇಲ್ಲಿಗೆ ಬರುತ್ತದೆ. ಹಾಗಾಗಿ ಕೆಆರ್‌ಎಸ್ ಇನ್ನೂ ಅರ್ಧ ಇರುವಾಗಲೇ ಭರಚುಕ್ಕಿ ತುಂಬಿ ಹರಿಯುವುದುಂಟು. ಕಬಿನಿ ಹೊರಹರಿವು ಜಾಸ್ತಿಯಾಯಿತು ಅಂತ ಸುದ್ದಿ ಬಂದರೆ ಆ ವಾರವೇ ಹೊರಡಿ. ಗಗನಚುಕ್ಕಿಯನ್ನು ಮಂಡ್ಯ ಜಿಲ್ಲೆಯ ಕಡೆಯ ಕಟ್ಟೆಯಿಂದಲೇ ನೋಡಿ. ಮಕ್ಕಳಿಗೆ ಒಂದು ಕತೆಯೂ ಇದೆ. 1902ರಲ್ಲಿ ಇದೇ ನೀರಿನಿಂದ ಕರೆಂಟ್ ಮಾಡಿ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. ಬೆಂಗಳೂರಿನ ಬೀದಿಗೆ ಆ ಬೆಳಕು ಬಂದಿದ್ದು ಮೂರು ವರ್ಷ ಆದಮೇಲೆ, 1905ರಲ್ಲಿ.

ಉತ್ತರಕ್ಕೆ ಹೋದರೆ ಗೋಕಾಕ. ಘಟಪ್ರಭೆ 52 ಮೀಟರ್ ಎತ್ತರದ ಮರಳುಗಲ್ಲಿನ ಅಂಚಿನಿಂದ ಕುದುರೆ ಲಾಳದ ಆಕಾರದಲ್ಲಿ ಬೀಳುತ್ತದೆ. ಮೇಲೆ ಹಿಡಕಲ್ ಅಣೆಕಟ್ಟು ಇದೆ, ಹಾಗಾಗಿ ಲೆಕ್ಕ ಜೋಗದ್ದೇ. ನೀರು ಬಿಟ್ಟಿದ್ದಾರಾ ಕೇಳಿ, ಆಮೇಲೆ ಬ್ಯಾಗ್ ತುಂಬಿ. ಬೇಸಿಗೆಯಲ್ಲಿ ಹೋದರೆ ಬಂಡೆ ನೋಡಿ ಬರಬೇಕು.

ಪೂರ್ತಿ ಮಳೆಯನ್ನೇ ನಂಬಿದ ಚಿಕ್ಕ ಜಲಪಾತಗಳು ಕೊಡಗು, ಚಿಕ್ಕಮಗಳೂರು, ಆಗುಂಬೆ ಕಡೆ ಲೆಕ್ಕವಿಲ್ಲದಷ್ಟಿವೆ. ಮಡಿಕೇರಿಯ ಅಬ್ಬಿ, ಸೋಮವಾರಪೇಟೆ ಕಡೆಯ ಮಲ್ಲಳ್ಳಿ, ಬ್ರಹ್ಮಗಿರಿ ಬುಡದ ಇರ್ಪು, ಶೃಂಗೇರಿ ಹತ್ತಿರ ಕಿಗ್ಗದ ಸಿರಿಮನೆ, ಕೆಮ್ಮಣ್ಣುಗುಂಡಿಯ ಹೆಬ್ಬೆ, ಕಲ್ಹತ್ತಿ. ಅಂದ ಹಾಗೆ ಕೊಡಗಿನಲ್ಲಿ ಅಬ್ಬಿ ಅಂದರೇ ಜಲಪಾತ. ತುಳುವಿನಲ್ಲಿ ಅರ್ಬಿ, ಬಂಡಾಜೆ ಅರ್ಬಿ ಅನ್ನುತ್ತಾರಲ್ಲ, ಹಾಗೆ. ನಾವು ಅಬ್ಬಿ ಫಾಲ್ಸ್ ಅಂದರೆ ಜಲಪಾತ ಜಲಪಾತ ಅಂತ ಎರಡು ಸಲ ಹೇಳಿದ ಹಾಗೆ. ಇರಲಿ, ಬೋರ್ಡಿನಲ್ಲೂ ಹಾಗೇ ಇದೆ.

ಇವುಗಳಿಗೆ ಅಕ್ಟೋಬರ್, ನವೆಂಬರ್ ಸರಿ. ಜುಲೈನಲ್ಲಿ ರಸ್ತೆಗೆ ಮರ ಬಿದ್ದಿರುತ್ತದೆ, ಗುಡ್ಡ ಜಾರುತ್ತದೆ, ಎಷ್ಟೋ ಕಡೆ ಜಿಲ್ಲಾಡಳಿತವೇ ಪ್ರವೇಶ ನಿಲ್ಲಿಸಿರುತ್ತದೆ. ಮಾರ್ಚ್ ಹೊತ್ತಿಗೆ ಜಾಸ್ತಿ ಕಡೆ ಸಣ್ಣ ಧಾರೆ ಅಷ್ಟೇ. ಮಲ್ಲಳ್ಳಿಯ ಮೆಟ್ಟಿಲು ಅಮ್ಮನಿಗೆ ಬೇಡ, ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ. ಹೆಬ್ಬೆಗೆ ಜೀಪಿನಲ್ಲೇ ಹೋಗಬೇಕು, ಮಂಡಿ ಜೊತೆ ಸೊಂಟವೂ ಸೇರಿಕೊಳ್ಳುತ್ತದೆ. ಕಲ್ಹತ್ತಿ ದೇವಸ್ಥಾನದ ಪಕ್ಕದಲ್ಲೇ ಇದೆ, ಅದು ಪರವಾಗಿಲ್ಲ.

"ಕರ್ನಾಟಕದ ಅತಿ ಎತ್ತರದ್ದು ನೋಡಬೇಕು" ಅಂತ ಮಕ್ಕಳು ಹಟ ಮಾಡಿದರೆ ಅವರು ಕುಂಚಿಕಲ್ ಹೆಸರು ಹೇಳುತ್ತಾರೆ. ವಾರಾಹಿ ನದಿಯದು, ಹಂತ ಹಂತವಾಗಿ 455 ಮೀಟರ್. ಅದರ ಮೇಲೂ ಮಾಣಿ ಅಣೆಕಟ್ಟು ಬಂದು ಕೂತಿದೆ. ನೀರು ಭೂಮಿಯೊಳಗಿನ ವಿದ್ಯುದಾಗಾರಕ್ಕೆ ಹೋಗುತ್ತದೆ. ಜೋರು ಮಳೆ ಬಿಟ್ಟರೆ ಅಲ್ಲಿ ನೋಡಲು ಏನೂ ಇರುವುದಿಲ್ಲ, ಒಳಗೆ ಹೋಗಲು ಪಾಸ್ ಬೇರೆ ಬೇಕು. ದಾಖಲೆಗೋಸ್ಕರ ಅಷ್ಟು ದೂರ ಹೋಗಬೇಡಿ. ದೂಧ್‌ಸಾಗರ್‌ಗೆ ರೈಲು ಹಳಿ ಮೇಲೆ ನಡೆದು ಹೋಗುವ ವಿಡಿಯೊ ತೋರಿಸಿದರೂ ಬೇಡ ಅನ್ನಿ. ಅದು ಅಪರಾಧ, ಹಿಡಿದರೆ ಕೇಸು.

ಈಗ ನಿಮ್ಮ ಕೊನೆಯ ಪ್ರಶ್ನೆ. ಮಕ್ಕಳು ನೀರಿಗೆ ಇಳಿಯಬಹುದಾ? ದೊಡ್ಡ ಜಲಪಾತದ ಬುಡಕ್ಕೆ ಯಾವ ಕಾಲದಲ್ಲೂ ಬೇಡ. ಈಜು ಬರುತ್ತದೆ ಅನ್ನುವ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೇಲಿನಿಂದ ಬಿದ್ದ ನೀರಿನ ತುಂಬ ಗಾಳಿಯ ಗುಳ್ಳೆ. ಆ ನೊರೆ ನೀರು ಮೈಯನ್ನು ತೇಲಿಸುವುದಿಲ್ಲ. ಕಾಲು ಒದ್ದರೂ ಮೇಲೆ ಬರುವುದು ಕಷ್ಟ. ಜೊತೆಗೆ ಬೀಳುವ ಧಾರೆ ಕೆಳಕ್ಕೆ ಒತ್ತುತ್ತದೆ, ಸುಳಿ ಮತ್ತೆ ಅದರ ಅಡಿಗೇ ಎಳೆಯುತ್ತದೆ. ಕೆರೆಯಲ್ಲಿ ಮೀನಿನ ಹಾಗೆ ಈಜುವವರೂ ಇಲ್ಲಿ ಸೋತಿದ್ದಾರೆ.

ಎರಡನೆಯದು ಪಾಚಿ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಸಿನಗುಂಡಿಯಲ್ಲಿ ಬಂಡೆ ಮೇಲೆ ನಿಂತು ವಿಡಿಯೊ ಮಾಡಿಸಿಕೊಳ್ಳುತ್ತಿದ್ದ ಯುವಕ ಜಾರಿ ಕೊಚ್ಚಿಹೋದದ್ದನ್ನು ನೀವೂ ನೋಡಿರಬಹುದು. ಅವನು ಓಡಲಿಲ್ಲ, ಜಿಗಿಯಲಿಲ್ಲ. ಸುಮ್ನೆ ನಿಂತಿದ್ದ. ಒದ್ದೆ ಕಪ್ಪು ಬಂಡೆ ಮೇಲೆ ಶೂ ಯಾವ ಕಂಪನಿಯದಾದರೂ ಒಂದೇ.

ಮೂರನೆಯದನ್ನು ಮಕ್ಕಳಿಗೂ ಕಲಿಸಿ. ನೀವು ನಿಂತ ಕಡೆ ಬಿಸಿಲಿದ್ದರೂ ಮೇಲೆ ಘಟ್ಟದ ತಲೆಯಲ್ಲಿ ಮಳೆ ಸುರಿಯುತ್ತಿರಬಹುದು. ಒಮ್ಮೆ ಅಕ್ಟೋಬರ್‌ನಲ್ಲಿ ಆಗುಂಬೆ ಕಡೆಯ ಒಂದು ಹಳ್ಳದಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆವು. ತಿಳಿ ನೀರು, ಕೆಳಗಿನ ಕಲ್ಲು ಎಣಿಸಬಹುದಿತ್ತು. ಜೊತೆಗಿದ್ದ ಊರಿನ ಹಿರಿಯರು ಇದ್ದಕ್ಕಿದ್ದಂತೆ "ಏಳಿ, ಏಳಿ" ಅಂದರು. ನನಗೆ ಏನೂ ಕಂಡಿರಲಿಲ್ಲ. ಅವರು ಬೆರಳು ತೋರಿಸಿದರು. ನಾಲ್ಕು ತರಗೆಲೆ, ಒಂದು ಸಣ್ಣ ಕಡ್ಡಿ ತೇಲಿ ಬರುತ್ತಿತ್ತು, ಅಷ್ಟೇ. ದಡ ಹತ್ತಿ ತಿರುಗುವಷ್ಟರಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಹತ್ತು ನಿಮಿಷಕ್ಕೆ ನಾವು ಕೂತಿದ್ದ ಕಲ್ಲು ಮುಳುಗಿತು. ನಮ್ಮ ತಲೆ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಕಸಕಡ್ಡಿ ಬಂದರೆ, ಬಣ್ಣ ಬದಲಾದರೆ, ಸದ್ದು ದಪ್ಪವಾದರೆ ಚಪ್ಪಲಿ ಹುಡುಕಬೇಡಿ, ಏಳಿ.

ಅಣೆಕಟ್ಟಿನ ಕೆಳಗಿನ ನದಿಗಳಲ್ಲಿ ಈ ಸೂಚನೆಯೂ ಸಿಗದೆ ಹೋಗಬಹುದು. ಗೇಟು ತೆಗೆದರೆ ತಿಳಿ ನೀರೇ ಏರಿ ಬರುತ್ತದೆ. ಗಗನಚುಕ್ಕಿಯಲ್ಲಿ ದರ್ಗಾದ ಕಡೆಯಿಂದ ಬಂಡೆಗೆ ಇಳಿಯುವವರನ್ನು ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ಮೇಕೆದಾಟಿನಲ್ಲಂತೂ ನೀರೇ ಕೊರೆದ ಗುಳಿಗಳು ಬಂಡೆ ತುಂಬ ಇವೆ. ಮೇಲಿನಿಂದ ಮೊಣಕಾಲುದ್ದ ಅನ್ನಿಸುತ್ತದೆ, ಒಳಗೆ ಆಳು ಮುಳುಗುವಷ್ಟು ಆಳ. ಮಕ್ಕಳಿಗೆ ನೀರಾಟ ಬೇಕೇ ಬೇಕು ಅಂದರೆ ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಸಿರಿಮನೆ. ಅಲ್ಲಿ ಬಿಟ್ಟಿರುವ ಜಾಗದಲ್ಲಿ, ಮೊಣಕಾಲು ಮುಳುಗದಷ್ಟು ನೀರಲ್ಲಿ, ನೀವೂ ಜೊತೆಗೆ ಇಳಿದು.

ಇಂಬಳದ ಬಗ್ಗೆ ನೀವು ಕೇಳಲಿಲ್ಲ, ಆದರೆ ಅವು ನಿಮ್ಮನ್ನು ಕೇಳದೆ ಹತ್ತುತ್ತವೆ. ಮಳೆಗಾಲದಲ್ಲಿ ಕಾಡಿನ ದಾರಿಗೆ ಕಾಲಿಟ್ಟರೆ ಖಂಡಿತ. ಉದ್ದ ಸಾಕ್ಸ್ ಒಳಗೆ ಪ್ಯಾಂಟು ಸೇರಿಸಿ, ಜೇಬಲ್ಲಿ ಸ್ವಲ್ಪ ಉಪ್ಪು ಅಥವಾ ಸುಣ್ಣ ಇಟ್ಟುಕೊಳ್ಳಿ. ಕಚ್ಚಿದರೆ ನೋವಿಲ್ಲ, ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ ಅಷ್ಟೇ. ಚಿಕ್ಕವನಿಗೆ ಮೊದಲೇ ಹೇಳಿಟ್ಟರೆ ಕಿರುಚಾಟ ಕಡಿಮೆ.

ಇಷ್ಟು ಗೊತ್ತಾದ ಮೇಲೆ ನಿಮ್ಮ ವರ್ಷವನ್ನು ನಾನಾದರೆ ಹೀಗೆ ಜೋಡಿಸುತ್ತೇನೆ. ಜುಲೈ, ಆಗಸ್ಟ್‌ನಲ್ಲಿ ಕಬಿನಿ ಸುದ್ದಿ ಬಂದ ವಾರ ಶಿವನಸಮುದ್ರ. ಮೈಸೂರಿನಲ್ಲಿ ಉಳಿದುಕೊಂಡು ಹೋಗಿ ಬಂದರೆ ಅಮ್ಮನಿಗೂ ಆರಾಮ. ಕೊಡಗನ್ನು ಈ ವರ್ಷ ಬಿಡಿ, ಅದಕ್ಕೇ ಒಂದು ಬೇರೆ ಟ್ರಿಪ್ ಬೇಕು.

ಡಿಸೆಂಬರ್ ರಜೆಯಲ್ಲಿ ಶಿರಸಿಯಲ್ಲಿ ಮೂರು ದಿನ. ಒಂದು ದಿನ ಉಂಚಳ್ಳಿ, ಒಂದು ದಿನ ಮಾಗೋಡು ಮತ್ತು ಜೇನುಕಲ್ಲು ಗುಡ್ಡ. ಮೂರನೇ ದಿನ ಯಾಣ, ಇಲ್ಲವೇ ಸಹಸ್ರಲಿಂಗ ಮತ್ತು ಬನವಾಸಿ. ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರದ ಕರಿಗಲ್ಲು, ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ಅಮ್ಮ ಬನವಾಸಿಯ ಮಧುಕೇಶ್ವರನ ಗುಡಿಯನ್ನೇ ಇಷ್ಟಪಟ್ಟಾರು. ಸಹಸ್ರಲಿಂಗಕ್ಕೂ ಇದೇ ನೀರಿನ ಲೆಕ್ಕ, ಉಲ್ಟಾ ಮಾತ್ರ. ಶಾಲ್ಮಲೆ ತುಂಬಿ ಹರಿಯುವಾಗ ಹೋದರೆ ಲಿಂಗಗಳೆಲ್ಲ ನೀರಿನಡಿ. ಡಿಸೆಂಬರ್‌ನಲ್ಲಿ ನೀರು ಇಳಿದು ಒಂದೊಂದೇ ಬಂಡೆ ಮೇಲೆ ಕೆತ್ತನೆ ಕಾಣುತ್ತದೆ.

ಜೋಗಕ್ಕೆ ಮಾತ್ರ ತಾರೀಕು ಹಾಕಿಕೊಳ್ಳಬೇಡಿ. ದಾವಣಗೆರೆಯಿಂದ ಒಂದು ಬೆಳಿಗ್ಗೆಯ ದಾರಿ. ಆಗಸ್ಟ್ 15 ಕಳೆದ ಮೇಲೆ ಪೇಪರಿನಲ್ಲಿ ಲಿಂಗನಮಕ್ಕಿ ಮಟ್ಟ ನೋಡುತ್ತಾ ಇರಿ. 1,815 ದಾಟಿತು, ಮಳೆಯೂ ಬಿಟ್ಟು ಬಿಟ್ಟು ಬರುತ್ತಿದೆ ಅಂದರೆ ವಾರದ ನಡುವೆ ಒಂದು ರಜೆ ಹಾಕಿ ಹೊರಡಿ. ಶನಿವಾರ ಭಾನುವಾರ ಬೇಡ, ಕಟಕಟೆ ಹತ್ತಿರ ಅಮ್ಮನಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ಮಂಜು ಕವಿದಿದ್ದರೆ ಜೋಳ ತಗೊಂಡು ಕಾಯಿರಿ.